ರೇಸ್ ಬಿಟ್ಟ್ರೂ ಗಾಡಿ ಕೇಳಂಗಿಲ್ಲಂದ್ರ ಮೊದಲ ಎಲ್ಲೆ ನೋಡಬೇಕು

ಮಾನ್ಯ ಸಂಪಾದಕರಿಗೆ ಬಾಗಲಕೋಟಿಯಿಂದ ನಮಸ್ಕಾರ್ರಿ.

ಪೇಪರ್‌ನ್ಯಾಗ ಅಪಘಾತದ ಸುದ್ದಿ ಓದಿದಾಗೆಲ್ಲ ನನಗ ಒಂದ ಸಂಕಟ ಆಗತೈತಿ. ಚಾಲಕನ ನಿಯಂತ್ರಣ ತಪ್ಪಿ ಕಾರು ಗಿಡಕ್ಕ ಡಿಕ್ಕಿ ಹೊಡೀತು ಅಂತ ಬರೀತಾರ, ಗಾಡಿ ನಂಬರ್ ಬರೀತಾರ, ಯಾವ ಠಾಣೆದಾಗ ಕೇಸ್ ಆಗೈತಿ ಅಂತ ಬರೀತಾರ, ಆದ್ರ ನಿಯಂತ್ರಣ ಯಾಕ ತಪ್ಪಿತು ಅನ್ನೂದನ್ನ ಯಾರೂ ಬರಿಯಂಗಿಲ್ಲ. ಡ್ರೈವರ್‌ಗೆ ನಿದ್ದಿ ಹತ್ತಿತ್ತೇನು, ಟೈರ್ ಒಡದಿತ್ತೇನು, ಬ್ರೇಕ್ ಹತ್ತಲಿಲ್ಲೇನು, ಇಲ್ಲಾ ಎಕ್ಸಲೇಟರ್ ಹಿಡಕೊಂಡು ಕುಂತಿತ್ತೇನು? ಈ ಕಡೀದು ಹಿಂಗೂ ಆಗತೈತಿ ಅನ್ನೂದ ಭಾಳ ಮಂದಿಗೆ ಗೊತ್ತಿಲ್ಲ. ನಾ ನವನಗರದಾಗ ಭಾಳ ವರ್ಷದಿಂದ ಗ್ಯಾರೇಜ್ ನಡಸಾಕತ್ತೀನಿ, ಕಾಲು ತಗದ್ರೂ ರೇಸ್ ಇಳೀದೇ ಇರೂ ಗಾಡಿಗೋಳು ನನ್ನ ಕಡೆ ವರ್ಷಪೂರ್ತಿ ಬರ್ತಾವ, ಹಳೇ ಓಮ್ನಿ, ಮಾರುತಿ 800 ಇಂದ ಹಿಡದು ಮೊನ್ನೆ ಮೊನ್ನೆ ಶೋರೂಮ್‌ನಿಂದ ಹೊರಗ ಬಂದ ಗಾಡಿ ತನಕ. ಅದರ ಬಗ್ಗೆ ನಾಕ ಮಾತು ಬರದ್ರ ಯಾರದರ ಜೀವಕ್ಕ ಉಪಯೋಗ ಆದೀತು ಅಂತ ಈ ಪತ್ರ.

ನನಗ ಸಿಟ್ಟು ಬರೂದು ಎಲ್ಲಂದ್ರ, ಗಾಡಿ ರೇಸ್ ಹಿಡಕೊಂತೈತಿ ಅಂತ ಹೇಳಿದ ಕೂಡಲೇ ಕೆಲವ ಕಡೆ ಬಾನೆಟ್ ಸುದ್ದಾ ಎತ್ತದ ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡೂ ಬಾಗಲಾ) ಹೋಗೈತಿ, ಪೂರ್ತಿ ಸೆಟ್ ಬದಲಿ ಮಾಡಬೇಕು ಅಂತ ಹೇಳಿಬಿಡ್ತಾರ. ಬೀಳಗಿ ಕಡೆಯ ಒಬ್ಬ ಮಾಸ್ತರ್ರು ಹಿಂಗ ಒಂದ ದೊಡ್ಡ ವರ್ಕ್‌ಶಾಪ್‌ನ್ಯಾಗ ಎಸ್ಟಿಮೇಟ್ ಬರಸ್ಕೊಂಡು, ಆ ರೊಕ್ಕ ನೋಡಿ ಗಾಬರಿಯಾಗಿ ನನ್ನ ಕಡೆ ಬಂದಿದ್ರು. ಯಾವ ವರ್ಕ್‌ಶಾಪ್ ಅನ್ನೂದು ಇಲ್ಲೆ ಬ್ಯಾಡ. ಡ್ರೈವರ್ ಬಾಗಲಾ ತಗದು ಕೆಳಗ ಬಗ್ಗಿ ನೋಡಿದ್ರ ಗಾಡಿ ಜೋಡಿ ಬಂದ ಮ್ಯಾಟ್ ಕೆಳಗ, ಅದರ ಮ್ಯಾಲೆ ಬಜಾರದಾಗ ಕೊಂಡ ದಪ್ಪನ್ನ ರಬ್ಬರ್ ಮ್ಯಾಟ್ ಇನ್ನೊಂದು. ಮ್ಯಾಲಿನ ಮ್ಯಾಟು ಮುಂದ ಸರದು ಅದರ ದಡಿ ಎದ್ದು ನಿಂತಿತ್ತು, ಪೆಡಲ್ ಪೂರ್ತಿ ಒತ್ತಿದ್ರ ಅದರ ಕೆಳಗಿನ ತುದಿ ಆ ದಡಿಗೆ ಸಿಕ್ಕು ಅಲ್ಲೇ ನಿಂದರ್ತಿತ್ತು. ಮ್ಯಾಟ್ ತಗದು ಹೊರಗ ಒಗದಿವಿ, ಗಾಡಿ ಸರಿ ಆತು. ಮಾಸ್ತರ್ರು ಎಷ್ಟ ರೊಕ್ಕ ಅಂತ ಕೇಳಿದ್ರು, ಮ್ಯಾಟ್ ತಗದಿದ್ದಕ್ಕ ಏನ ರೊಕ್ಕರಿ ಸರ್ ಅಂದೆ.

ಮ್ಯಾಟ್ ಅಂದ್ರ ಹಗುರ ವಿಷಯ ಅನ್ಕೋಬ್ಯಾಡ್ರಿ. 2009ರ ಆಗಸ್ಟ್‌ದಾಗ ಅಮೆರಿಕಾದ ಕ್ಯಾಲಿಫೋರ್ನಿಯಾದೊಳಗ ಸ್ಯಾನ್ ಡಿಯಾಗೋ ಹತ್ರ ಟೊಯೋಟಾ ಕಂಪನಿಯ ಒಂದ ಲೆಕ್ಸಸ್ ಕಾರು ಹಿಂಗ ರೇಸ್ ಹಿಡಕೊಂಡು ಓಡಿ ಒಂದ ಮನಿಯ ನಾಕ ಮಂದಿ ಸತ್ತರು. ಓಡಸ್ತಿದ್ದವ್ರು ಹೈವೇ ಪೊಲೀಸ್ ಅಧಿಕಾರಿ, ಗಾಡಿ ಓಡಸಾಕ ಬರದವ್ರೇನಲ್ಲ. ತನಿಖಿದಾಗ ಗೊತ್ತಾಗಿದ್ದು ಏನಂದ್ರ, ಬ್ಯಾರೆ ಮಾಡೆಲ್ ಗಾಡಿದು ಮ್ಯಾಟ್ ಅದರಾಗ ಹಾಕಿದ್ರು, ಪೆಡಲ್ ಅದಕ್ಕ ಸಿಕ್ಕೊಂಡಿತ್ತು. ಆಮ್ಯಾಲೆ ಟೊಯೋಟಾ ಕಂಪನಿ ಲಕ್ಷಗಟ್ಟಲೆ ಗಾಡಿ ವಾಪಸ್ ಕರಸ್ತು. 2010ರ ಜನವರಿದಾಗ ಮತ್ತ 23 ಲಕ್ಷ ಗಾಡಿ ಕರಸ್ತು, ಆ ಸಲ ಮ್ಯಾಟ್ ಅಲ್ಲ, ಪೆಡಲ್ ಒಳಗಿನ ತಿಕ್ಕೂ ಜಾಗ ಸವದು, ತಂಪು ಹಿಡದು, ಪೆಡಲ್ ಬಿಗಿಯಾಗಿ ಮ್ಯಾಲೆ ಬರಾಕ ತಡಾ ಮಾಡ್ತಿತ್ತು. ರಿಪೇರಿ ಅಂದ್ರ ಒಂದ ಸಣ್ಣ ಸ್ಟೀಲ್ ಪಟ್ಟಿ ಒಳಗ ಕುಂದರಿಸಿದ್ದು, ಅಷ್ಟ. ಗಾಡಿಯ ಕಂಪ್ಯೂಟರ್‌ನ್ಯಾಗ ಏನರ ದೋಷ ಐತೇನು ಅಂತ ನಾಸಾದ ಎಂಜಿನಿಯರ್‌ಗೋಳ ಕಡಿಂದಲೂ ತಪಾಸಣಿ ಮಾಡಿಸಿದ್ರು, 2011ರ ಫೆಬ್ರುವರಿದಾಗ ಬಂದ ವರದಿದಾಗ ಹಂಗ ತಾನ ರೇಸ್ ಆಗೂ ಎಲೆಕ್ಟ್ರಾನಿಕ್ ದೋಷ ಸಿಗಲಿಲ್ಲ. ನಾಸಾದವ್ರು ಬಂದು ನೋಡಿದ ಮ್ಯಾಲೂ ಉಳದಿದ್ದು ಮ್ಯಾಟು ಮತ್ತ ಪೆಡಲ್, ಅದಕ್ಕ ನಾವು ಸುರು ಮಾಡೂದೂ ಅಲ್ಲಿಂದನ ಆಗಬೇಕು.

ನಮ್ಮ ಹುಡುಗ್ರಿಗೆ ನಾ ಮೊದಲ ಕಲಸೂದು ಇದ. ಎಂಜಿನ್ ಬಂದ್ ಇರಲಿ. ಮ್ಯಾಟ್ ಹೊರಗ ತಗೀರಿ. ಪೆಡಲ್ ಕೈಲೆ ಪೂರ್ತಿ ಒತ್ತಿ ಫಕ್ಕನ ಬಿಡ್ರಿ, ಟಕ್ ಅಂತ ಮ್ಯಾಲೆ ಬಂದು ಕುಂದರಬೇಕು, ತೇಕೋತ ಬಂದ್ರ, ಇಲ್ಲಾ ಅರ್ಧಕ್ಕ ನಿಂತು ಆಮ್ಯಾಲೆ ಬಂದ್ರ ಅಲ್ಲೆ ಏನೋ ಐತಿ. ಈಗ ಪೆಡಲ್‌ನಿಂದ ಥ್ರಾಟಲ್‌ಗೆ ಕೇಬಲ್ ಇರೂ ಗಾಡಿ ಆದ್ರ ಬಾನೆಟ್ ಎತ್ತಿ ಥ್ರಾಟಲ್ ಕಡೀಗಿನ ಕೇಬಲ್ ತುದಿ ಬಿಚ್ಚಿಬಿಡ್ರಿ, ಈ ಒಂದ ಕೆಲಸಕ್ಕ ರೋಗ ಎರಡ ಭಾಗ ಆಗತೈತಿ. ಕೇಬಲ್ ಬಿಚ್ಚಿದ ಮ್ಯಾಲೆ ಥ್ರಾಟಲ್‌ನ ತಿರುಗೂ ಚಕ್ರನ್ನ ಕೈಲೆ ತಿರುವಿ ಬಿಟ್ರ ಅದು ತಾನ ಜೋರಾಗಿ ವಾಪಸ್ ಬಂದು ಬಡೀತಂದ್ರ ಥ್ರಾಟಲ್ ಚಲೋ ಐತಿ, ದೋಷ ಕೇಬಲ್‌ನ್ಯಾಗ ಇಲ್ಲಾ ಪೆಡಲ್‌ನ್ಯಾಗ. ಕೈಲೆ ತಿರುವಿದ್ರೂ ಅಲ್ಲೇ ನಿಂತ್ರ ದೋಷ ಥ್ರಾಟಲ್‌ದು, ಅಂದ್ರ ಸ್ಪ್ರಿಂಗು, ಕಡ್ಡಿ, ಇಲ್ಲಾ ಒಳಗಿನ ಕಾರ್ಬನ್. ಐದ ನಿಮಿಷದ ಕೆಲಸ, ಪಾನಾ ಸುದ್ದಾ ಹೆಚ್ಚಿಗಿ ಬೇಕಾಗಂಗಿಲ್ಲ, ಆದ್ರ ಇದನ್ನ ಮಾಡದ ಸಾಮಾನು ಬದಲಿ ಮಾಡಿದ್ರ ಗಿರಾಕಿ ರೊಕ್ಕ ಹೋಗತೈತಿ, ದೋಷ ಮಾತ್ರ ಗಾಡ್ಯಾಗ ಉಳೀತೈತಿ. ಕೆಲವ ಗಾಡಿ ತಣ್ಣಗಿದ್ದಾಗ ಸರಿ ಇರ್ತಾವ, ಬಿಸಿ ಆದ ಮ್ಯಾಲೆ ಹಿಡಕೊಂತಾವ, ಅದಕ್ಕ ಒಂದ ಸುತ್ತು ಓಡಿಸಿಕೊಂಡು ಬಂದು ಬಿಸಿ ಇದ್ದಾಗ ಎಂಜಿನ್ ಬಂದ್ ಮಾಡಿ ಮತ್ತೊಮ್ಮೆ ನೋಡ್ರಿ, ಸೈಲೆನ್ಸರ್ ಕಡೆ ಕೈ ತಾಗದಂಗ.

ಕೇಬಲ್ ಹೆಂಗ ಸಾಯತೈತಿ ಅನ್ನೂದನ್ನ ಒಂದ ಓಮ್ನಿ ಮ್ಯಾಲೆ ಹೇಳ್ತೀನಿ. ಶಾಲಿ ಹುಡುಗ್ರನ್ನ ಒಯ್ಯೂ ವ್ಯಾನ್ ಅದು. ಡ್ರೈವರ್ ಬಂದು "ಅಣ್ಣಾರ, ಚಡಾವ್ ಹತ್ತಿದ ಮ್ಯಾಲೆ ರೇಸ್ ತುಸು ಹೊತ್ತು ನಿಂದರತೈತ್ರಿ, ಮತ್ತ ತಾನ ಇಳೀತೈತಿ, ಟೈಮ್ ಸಿಕ್ಕಾಗ ನೋಡ್ರಿ" ಅಂದ. ಟೈಮ್ ಸಿಕ್ಕಾಗ ಅಲ್ಲೋ ತಮ್ಮಾ, ಕೀ ಇಲ್ಲಿ ಕೊಡು ಅಂತ ಇಸ್ಕೊಂಡೆ. ಓಮ್ನಿದಾಗ ಮುಂದಿನ ಸೀಟಿನ ಕೆಳಗ ಎಂಜಿನ್, ನೆಲಕ್ಕ ಹತ್ತಿದಂಗ ಇರತೈತಿ, ನಮ್ಮ ಎರಿ ಹೊಲದ ರಸ್ತಾದ ಧೂಳೆಲ್ಲ ಸೀದಾ ಅಲ್ಲಿಗೆ. ಕೇಬಲ್ ಬಿಚ್ಚಿ ಒಳಗಿನ ತಂತಿ ಎಳದ್ರ ಅರ್ಧದಾಗ ಕರ್ ಅಂತ ತಡದು ನಿಂತಿತು. ಪೂರ್ತಿ ಹೊರಗ ಎಳದು ಬಿಸಲಿಗೆ ಹಿಡದ್ವಿ. ಪೆಡಲ್ ಕಡೀಗಿನ ತುದ್ಯಾಗ, ಗುಂಡಿನ ಹತ್ರ, ಸಣ್ಣ ಸಣ್ಣ ಎಳಿ ಹರದು ಗೋವಿನಜೋಳದ ತೆನಿ ಮೀಸಿ ಹಂಗ ಬಿಚ್ಚಿ ನಿಂತಿದ್ವು. ಆ ಹರದ ಎಳಿಗೋಳು ಹೊರಗಿನ ನಳಿಗಿ ಬಾಯಿಗೆ ಚುಚ್ಚಿ ಕುಂದರ್ತಾವ, ಒತ್ತಿದಾಗ ಒಂದ ಕಡೆ ಹೋಗತೈತಿ, ಬಿಟ್ಟಾಗ ವಾಪಸ್ ಬರಂಗಿಲ್ಲ. ಅದರ ಮ್ಯಾಲೆ ಯಾರೋ ಕೇಬಲ್‌ನ್ಯಾಗ ಎಂಜಿನ್ ಆಯಿಲ್ ಬಿಟ್ಟಿದ್ರು, ಆಯಿಲ್ ಮತ್ತ ಎರಿ ಮಣ್ಣು ಕಲತು ಒಳಗ ಕರೇ ಮುದ್ದಿ ಆಗಿತ್ತು. ಒಳಗ ಪ್ಲಾಸ್ಟಿಕ್ ನಳಿಗಿ ಇರೂ ಕೇಬಲ್‌ಗೆ ಆಯಿಲ್ ಬಿಡಬಾರದ್ರಿ, ಅದು ಒಣಾ ಓಡಾಡಾಕನ ಮಾಡಿದ್ದು, ಬಿಗಿ ಆತಂದ್ರ ಬದಲಿ ಮಾಡೂದ ದಾರಿ. ಕೆಲವ ನೂರ ರೂಪಾಯಿ ಸಾಮಾನು ಅದು, ಆ ವ್ಯಾನ್‌ನ್ಯಾಗ ದಿನಾ ಕುಂದರೂ ಮಕ್ಕಳ ತಾಯಿ ತಂದಿಗೆ ಗೊತ್ತಿದ್ರ ಅವ್ರ ಪಟ್ಟಿ ಎತ್ತಿ ಕೊಡ್ತಿದ್ರು.

ಹೊಸಾ ಕೇಬಲ್ ಹಾಕೂದ್ರಾಗೂ ಲಕ್ಷ್ಯ ಬೇಕು. ಹಳೇದು ಹೋದ ದಾರೀಲೇ ಹೋಗಬೇಕು, ಗಟ್ಟಿ ಮುರುಕು ಇರಬಾರದು, ಸೈಲೆನ್ಸರ್ ಕಡೆ ಹೋದ್ರ ಒಳಗಿನ ಪ್ಲಾಸ್ಟಿಕ್ ಕರಗತೈತಿ. ಗ್ಯಾಸ್ ಕಿಟ್ ಹಾಕಿದ ಗಾಡಿಗೋಳ ಕೇಬಲ್ ಜಗ್ಗಿ ಬ್ಯಾರೆ ಕಡೆ ಸರಿಸಿರ್ತಾರ, ಅಂಥವನ್ನ ಎರಡ ಸಲ ನೋಡ್ರಿ. ತುಸು ಸಡ್ಲ ಬಿಡಬೇಕು, ಪೂರ್ತಿ ಬಿಗದ್ರ ಕಾಲು ತಗದ್ರೂ ಥ್ರಾಟಲ್ ಪೂರ್ತಿ ಮುಚ್ಚಂಗಿಲ್ಲ. ಹಾಕಿದ ಮ್ಯಾಲೆ ಎಂಜಿನ್ ಬಂದ್ ಇಟ್ಟು ಒಬ್ಬಾವ ಒಳಗ ಪೆಡಲ್ ತಳಮಟ ಒತ್ತಬೇಕು, ಇನ್ನೊಬ್ಬಾವ ಮುಂದ ನಿಂತು ಪೂರ್ತಿ ತಗೀತೈತೋ, ಬಿಟ್ಟಾಗ ಪೂರ್ತಿ ಮುಚ್ಚತೈತೋ ಕಣ್ಣಲೆ ನೋಡಬೇಕು, ಅಲ್ಲಿತನಕ ಗಾಡಿ ಗೇಟ್ ದಾಟಬಾರದು.

ಇನ್ನೊಂದು ಭಾಳ ಮಂದಿಗೆ ಹೊಳಿಯಂಗಿಲ್ಲ. ಎಂಜಿನ್ ಕೂಡೂ ರಬ್ಬರ್ ಮೌಂಟಿಂಗ್ ಹರದಿದ್ರ ಕ್ಲಚ್ ಬಿಟ್ಟು ರೇಸ್ ಕೊಟ್ಟಾಗ ಎಂಜಿನ್ ಒಂದ ಕಡೆ ವಾಲತೈತಿ, ಹಂಗ ವಾಲಿದಾಗ ಕೇಬಲ್ ತಾನ ಜಗ್ಗಿಸಿಕೊಂಡು ರೇಸ್ ಇನ್ನೂ ಏರತೈತಿ. ನಿಂತಲ್ಲೆ ಎಷ್ಟ ಚೆಕ್ ಮಾಡಿದ್ರೂ ಇದು ಸಿಗಂಗಿಲ್ಲ, ಕೇಬಲ್ ಹೊಸಾದು, ಕಾರ್ಬೋರೇಟರ್ ಸಾಫ್, ಆದ್ರೂ ಹಿಡಕೊಂತೈತಿ ಅಂದ್ರ ಮೌಂಟಿಂಗ್ ನೋಡ್ರಿ. ಸ್ಪ್ರಿಂಗ್ ಕಥಿ ಇನ್ನೂ ಸಂಕಟದ್ದು. ವಾಪಸ್ ಎಳ್ಯೂ ಸ್ಪ್ರಿಂಗ್ ತುಂಡಾಗಿದ್ರ ಯಾವದೋ ಬೈಕಿಂದು ಸಿಕ್ಕಿಸಿರ್ತಾರ, ಸೈಕಲ್ ಟ್ಯೂಬ್ ಕತ್ತರಿಸಿ ಕಟ್ಟಿದ್ದನ್ನೂ ನಾ ಕಣ್ಣಾರೆ ನೋಡೀನಿ. ಎಂಜಿನ್ ಬಿಸಿಗೆ ರಬ್ಬರ್ ಎಷ್ಟ ದಿನ ಬಾಳತೈತ್ರಿ? ಮನಿ ಮುಟ್ಟಾಕಷ್ಟ ಅಂತ ಕಟ್ಟಿದ್ದು ಆರ ತಿಂಗಳ ಅಲ್ಲೇ ಇರತೈತಿ.

ಈಗ ಕಾರ್ಬನ್ ಮಾತು. ಎಂಜಿನ್ ಒಳಗಿಂದ ಆಯಿಲ್ ಆವಿ ಪೈಪಿಲೆ ವಾಪಸ್ ಗಾಳಿ ದಾರಿಗೆ ಬರತೈತಿ, ಅದು ಥ್ರಾಟಲ್‌ನ ತಿರುಗೂ ಬಿಲ್ಲಿ ಸುತ್ತ ಕರೇ ಜಿಡ್ಡಾಗಿ ಕುಂದರತೈತಿ. ಬಿಲ್ಲಿ ಆ ಜಿಡ್ಡಿಗೆ ಮುಚ್ಚಿದ ಜಾಗದಾಗ ಅಂಟಕೊಂತೈತಿ, ಗಾಡಿ ಎತ್ತೂ ಮುಂದ ಪೆಡಲ್ ಮೊದಲ ಬಿಗಿ ಹತ್ತತೈತಿ, ಜೋರ ಒತ್ತಿದ ಕೂಡಲೇ ಫಕ್ಕನ ಬಿಟ್ಟು ಗಾಡಿ ಜಿಗೀತೈತಿ. ಸಂತಿ ದಿನ ಬಜಾರದಾಗ ಮಂದಿ ನಡುವ ಹಿಂಗ ಜಿಗದ್ರ ಏನ ಆದೀತು ನೀವ ವಿಚಾರ ಮಾಡ್ರಿ. ಸಾಫ್ ಮಾಡೂದು ಸರಳ ಐತಿ, ಗಾಳಿ ಪೈಪ್ ಬಿಚ್ಚಿ, ಥ್ರಾಟಲ್ ಕ್ಲೀನರ್ ಅಂತ ಡಬ್ಬಿ ಬರತೈತಿ ಅದನ್ನ ಅರಿವಿಗೆ ಹೊಡದು ಮೆತ್ತಗ ಒರಸಬೇಕು, ಬಿಲ್ಲಿ ಹಿಂದಿನ ಮೈ, ದಡಿ, ಕಡ್ಡಿ ಹೋಗೂ ಎರಡೂ ತೂತು. ಸ್ಕ್ರೂ ಡ್ರೈವರ್‌ಲೆ ಕೆರಿಯೂದು, ಪಾಲಿಶ್ ಪೇಪರ್ ಹಚ್ಚೂದು ಬಿಲಕುಲ್ ಬ್ಯಾಡ, ಕೆಲವದಕ್ಕ ಒಳಗ ಲೇಪ ಇರತೈತಿ, ಅದು ಹೋದ್ರ ಐಡ್ಲಿಂಗ್ (ಕಾಲು ತಗದಾಗ ಎಂಜಿನ್ ಓಡೂ ವೇಗ) ಕೂಡಂಗಿಲ್ಲ. ಬುಟ್ಯಾಗ ಪೆಟ್ರೋಲ್ ಹಾಕ್ಕೊಂಡು ಬಿಸಿ ಎಂಜಿನ್ ಮ್ಯಾಲೆ ಬ್ರಶ್‌ಲೆ ತಿಕ್ಕೂ ಹುಡುಗ್ರನ್ನ ನೋಡಿದ್ರ ನನಗ ಎದಿ ಝಲ್ ಅಂತೈತಿ, ಮಾಲೀಕರು ಅದನ್ನ ಇವತ್ತ ಬಂದ್ ಮಾಡಸ್ರಿ.

ಹೊಸಾ ಗಾಡ್ಯಾಗ ಕೇಬಲ್ ಇರಂಗಿಲ್ಲ. ಪೆಡಲ್ ಮ್ಯಾಲೆ ಎರಡ ಸೆನ್ಸಾರ್ ಇರ್ತಾವ, ಎರಡೂ ಬ್ಯಾರೆ ಬ್ಯಾರೆ ಕಂಪ್ಯೂಟರಿಗೆ ಕಾಲು ಎಷ್ಟ ಒತ್ತೈತಿ ಅಂತ ಹೇಳ್ತಾವ, ಕಂಪ್ಯೂಟರ್ ಎರಡನ್ನೂ ತಾಳಿ ನೋಡಿ ಥ್ರಾಟಲ್‌ನ ಮೋಟಾರ್ ತಿರಗಸ್ತೈತಿ. ಎರಡರ ಮಾತು ಕೂಡಲಿಲ್ಲಂದ್ರ ರೇಸ್ ಏರಸೂದಿಲ್ಲ, ಉಲ್ಟಾ ಇಳಸ್ತೈತಿ, ಚೆಕ್ ಲೈಟ್ ಹತ್ತಿ ಗಾಡಿ ಕುಂಟಕೋತ ಹೊಕ್ಕೈತಿ. ಅದಕ್ಕ ಹೊಸಾ ಗಾಡ್ಯಾಗ "ಎಕ್ಸಲೇಟರ್ ಹಿಡಕೊಂಡೈತಿ" ಅಂದ್ರ ಮೊದಲ ಕೇಳ್ರಿ, ರೇಸ್ ಇಳೀವಲ್ದೋ ಇಲ್ಲಾ ಏರವಲ್ದೋ ಅಂತ, ಎರಡೂ ಬ್ಯಾರೆ ರೋಗ. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಹಚ್ಚಿದ್ರ ಕೋಡ್ ಸಿಗತೈತಿ, ಪಿ2135 ಬಂದ್ರ ಸೆನ್ಸಾರ್‌ಗೋಳ ಹೊಂದಾಣಿಕಿ ತಪ್ಪೈತಿ, ಪಿ2111 ಬಂದ್ರ ಥ್ರಾಟಲ್ ತಗದಲ್ಲೆ ನಿಂತೈತಿ, ಪಿ2112 ಬಂದ್ರ ಮುಚ್ಚಿದಲ್ಲೆ ನಿಂತೈತಿ. ಆದ್ರ ಕೋಡ್ ಬಂತು ಅಂತ ಥ್ರಾಟಲ್ ಬಾಡಿ ಆರ್ಡರ್ ಮಾಡಬ್ಯಾಡ್ರಿ, ಮೊದಲ ಬ್ಯಾಟರಿ ವೋಲ್ಟೇಜ್, ಅರ್ಥಿಂಗ್ ವೈರ್, ಕನೆಕ್ಟರ್ ಪಿನ್‌ನ್ಯಾಗ ಹಸರ ಕಿಲುಬು ಹಿಡದೈತೇನು, ಇಲಿ ವೈರ್ ಕಡದಾವೇನು ನೋಡ್ರಿ. ಇಂಥಾ ಗಾಡ್ಯಾಗ ಕೀ ಆನ್ ಇದ್ದಾಗ ಬಿಲ್ಲಿಗೆ ಬಳ್ಳ ಹಾಕಬ್ಯಾಡ್ರಿ, ಮೋಟಾರ್ ಫಕ್ಕನ ತಿರಗಿದ್ರ ಬಳ್ಳ ಜಜ್ಜತೈತಿ, ಜೋರ ಮಾಡಿ ತಿರಗಿಸಿದ್ರ ಒಳಗಿನ ಹಲ್ಲು ಮುರೀತಾವ. ಸಾಫ್ ಮಾಡಿದ ಮ್ಯಾಲೆ ಕಂಪ್ಯೂಟರಿಗೆ ಐಡ್ಲಿಂಗ್ ಮತ್ತ ಕಲಸಬೇಕಾಗತೈತಿ, ಅದನ್ನ ಮಾಡದ ಕಳಿಸಿದ್ರ ರೇಸ್ ಹೆಚ್ಚ ನಿಂತು ಗಿರಾಕಿ ಮರದಿನ ಬಂದು ಜಗಳಾ ತಗೀತಾನ.

ಮತ್ತ ಒಂದ, ಬಿಲ್ಲಿ ಪೂರ್ತಿ ಮುಚ್ಚಿದ್ರೂ ಪೆಟ್ರೋಲ್ ಎಂಜಿನ್ ರೇಸ್ ಇಳಿಯಂಗಿಲ್ಲಂದ್ರ ಅದು ಥ್ರಾಟಲ್ ರೋಗ ಅಲ್ಲ, ಹೆಚ್ಚಾಗಿ ಹಿಂದ ಎಲ್ಲೋ ರಬ್ಬರ್ ಪೈಪ್ ಸೀಳಿ ಗಾಳಿ ಒಳಗ ಹೊಂಟೈತಿ, ಕಿವಿ ಕೊಟ್ರ ಸುಂಯ್ ಅನ್ನೂದು ಕೇಳತೈತಿ. ಟರ್ಬೋ ಡೀಸೆಲ್ ಆದ್ರ ಇನ್ನೂ ಹುಶಾರ್, ಟರ್ಬೋ ಸೀಲ್ ಹೋದ್ರ ಎಂಜಿನ್ ತನ್ನ ಆಯಿಲನ್ನ ಕುಡದು ಓಡತೈತಿ, ಕೀ ತಗದ್ರೂ ನಿಂದರಂಗಿಲ್ಲ. ಗಾಡಿ ನಿಂದರಿಸಿ, ಬ್ರೇಕ್ ಗಟ್ಟಿ ಒತ್ತಿ ಹಿಡದು, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಬಂದ್ ಬೀಳಸಬೇಕು.

ಇಷ್ಟೆಲ್ಲ ಗ್ಯಾರೇಜಿನ ಮಾತು, ರಸ್ತಾದ ಮ್ಯಾಲೆ ಹಿಡಕೊಂಡ್ರ ಏನ ಮಾಡಬೇಕು ಅನ್ನೂದನ್ನ ಪ್ರತಿಯೊಬ್ಬ ಡ್ರೈವರ್‌ಗೂ ಬಾಯಿಪಾಠ ಆಗಿರಬೇಕು. ಕಬ್ಬಿನ ಸೀಜನ್‌ನ್ಯಾಗ ಮುಧೋಳ, ಜಮಖಂಡಿ ರಸ್ತಾದಾಗ ಎರಡೆರಡ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದ ಹೊಂಟಿರ್ತೀರಿ, ಓವರ್‌ಟೇಕ್ ಮಾಡಾಕ ಪೂರ್ತಿ ಒತ್ತೀರಿ, ಮುಂದ ಬಸ್ ಕಂಡು ಕಾಲು ತಗದ್ರಿ, ರೇಸ್ ಇಳೀಲಿಲ್ಲ. ಆಗ ಬ್ರೇಕ್ ಮ್ಯಾಲೆ ಕಾಲಿಟ್ಟು ಒಮ್ಮೆಲೇ ಗಟ್ಟಿ ಒತ್ತಿ ಹಂಗ ಹಿಡೀರಿ, ಮತ್ತ ಮತ್ತ ಬಿಟ್ಟು ಒತ್ತಬ್ಯಾಡ್ರಿ. ಪೆಟ್ರೋಲ್ ಎಂಜಿನ್ ಥ್ರಾಟಲ್ ಪೂರ್ತಿ ತಗದಿದ್ದಾಗ ಬ್ರೇಕಿಗೆ ಜೋರ ಕೊಡೂ ವ್ಯಾಕ್ಯೂಮ್ ಹುಟ್ಟಂಗಿಲ್ಲ, ಬೂಸ್ಟರ್‌ನ್ಯಾಗ ಕೂಡಿಟ್ಟಿದ್ದು ಒಂದೆರಡ ಸಲಕ್ಕ ಮುಗೀತೈತಿ, ಆಮ್ಯಾಲೆ ಪೆಡಲ್ ಕಲ್ಲಾಗತೈತಿ. ಬ್ರೇಕ್ ಜೋಡೀನ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತರ್ರಿ, ಆಟೋಮ್ಯಾಟಿಕ್ ಆದ್ರ ಎನ್ ಗೆ ತಳ್ಳರಿ. ಎಂಜಿನ್ ಚೀರತೈತಿ, ಚೀರಲಿ, ಎಂಜಿನ್ ಹೋದ್ರ ಕಟ್ಟಬಹುದು. ಬಾಜೂಕ ನಿಂದರಿಸಿ ಆಮ್ಯಾಲೆ ಕೀ ಬಂದ್ ಮಾಡ್ರಿ, ಓಡೂ ಗಾಡ್ಯಾಗ ಕೀ ತಿರುವಿ ಹೊರಗ ಎಳಕೊಂಡ್ರ ಸ್ಟೇರಿಂಗ್ ಲಾಕ್ ಬೀಳತೈತಿ. ಬಟನ್ ಸ್ಟಾರ್ಟ್ ಗಾಡಿ ಓಡೂ ಮುಂದ ಒಮ್ಮೆ ಒತ್ತಿದ್ರ ಬಂದ್ ಆಗಂಗಿಲ್ಲ, ಭಾಳ ಗಾಡ್ಯಾಗ ಮೂರ ಸೆಕೆಂಡ್ ಹತ್ರ ಒತ್ತಿ ಹಿಡೀಬೇಕು, ನಿಮ್ಮ ಗಾಡಿ ಪುಸ್ತಕದಾಗ ಹೆಂಗೈತಿ ಇವತ್ತ ಓದಿಟ್ಕೊಳ್ರಿ. ಬಗ್ಗಿ ಕೈಲೆ ಪೆಡಲ್ ಎತ್ತಾಕ ಮಾತ್ರ ಹೋಗಬ್ಯಾಡ್ರಿ, ಕಣ್ಣು ರಸ್ತಾ ಮ್ಯಾಲೆ ಇರಬೇಕು.

ನನ್ನ ಕೇಳಿಕಿ ಇಷ್ಟ. ಡ್ರೈವಿಂಗ್ ಸ್ಕೂಲ್‌ನವ್ರು ಎಂಟ ಹಾಕೂದು, ರಿವರ್ಸ್ ತಗಿಯೂದು ಕಲಸ್ತೀರಿ, ನಿಂತ ಗಾಡ್ಯಾಗ ಇದನ್ನೂ ಒಮ್ಮೆ ಮಾಡಿಸಿ ತೋರಸ್ರಿ, ಹತ್ತ ನಿಮಿಷ ಸಾಕು. ಆರ್‌ಟಿಓ ಸಾಹೇಬ್ರು ಬಾಡಿಗಿ ಗಾಡಿಗೋಳಿಗೆ ಎಂಟ ವರ್ಷ ದಾಟಿದ ಮ್ಯಾಲೆ ವರ್ಷಾ ಫಿಟ್‌ನೆಸ್ ಕೊಡ್ತೀರಿ, ಲೈಟು, ಬ್ರೇಕು, ಹಾರ್ನ್ ನೋಡೂ ಮುಂದ ಪೆಡಲ್ ಒತ್ತಿ ಬಿಟ್ಟು ವಾಪಸ್ ಬರತೈತೇನು ಅದನ್ನೂ ನೋಡ್ರಿ, ಶಾಲಿ ವ್ಯಾನ್‌ದಂತೂ ನೋಡಾಕ ಬೇಕು. ಸ್ವಂತ ಗಾಡಿ ಇದ್ದವ್ರು ಕಂಪನಿ ವೆಬ್‌ಸೈಟ್‌ನ್ಯಾಗ ಚಾಸಿ ನಂಬರ್ ಹಾಕಿ ರೀಕಾಲ್ (ದೋಷ ಸರಿ ಮಾಡಾಕ ಕಂಪನಿ ಗಾಡಿ ವಾಪಸ್ ಕರಸೂದು) ಏನರ ಐತೇನು ನೋಡ್ಕೊಳ್ರಿ, ರೀಕಾಲ್ ರಿಪೇರಿಗೆ ರೊಕ್ಕ ಕೊಡೂದಿಲ್ಲ. ಗಿರಾಕಿಗೋಳು ಬದಲಿ ಮಾಡಿದ ಹಳೇ ಸಾಮಾನು ಕೇಳಿ ಇಸ್ಕೊಳ್ರಿ, ಎಲ್ಲೆ ಹಿಡೀತಿತ್ತು ತೋರಸು ಅನ್ರಿ, ಖರೇ ಕೆಲಸ ಮಾಡಿದಾವ ತೋರಸ್ತಾನ. ಮತ್ತ ಸಂಪಾದಕರ, ನಿಮ್ಮ ವರದಿಗಾರರು ಅಪಘಾತದ ಜಾಗಕ್ಕ ಹೋದಾಗ ಗಾಡ್ಯಾಗ ಏನ ಕೆಟ್ಟಿತ್ತು ಅಂತ ಪೊಲೀಸರನ್ನ, ಗಾಡಿ ತಪಾಸಣಿ ಮಾಡಿದ ಇನ್‌ಸ್ಪೆಕ್ಟರನ್ನ ಒಂದ ಮಾತು ಕೇಳಿ ಬರೀಲಿ.

ಬ್ಯಾಸಗಿ ಸೂಟಿ ಮುಗದು ಶಾಲಿ ಸುರು ಆಗೂ ಮೊದಲ ಬಾಗಲಕೋಟಿ ಸುತ್ತಿನ ಶಾಲಿ ವ್ಯಾನಿನವ್ರು ನನ್ನ ಗ್ಯಾರೇಜಿಗೆ ಬಂದ್ರ ಕೇಬಲ್ ಬಿಚ್ಚಿ, ಸ್ಪ್ರಿಂಗ್ ನೋಡಿ, ಪೆಡಲ್ ಚೆಕ್ ಮಾಡಿ ಕೊಡ್ತೀನಿ. ನೋಡೂದಕ್ಕ ರೊಕ್ಕ ತಗೊಳ್ಳಂಗಿಲ್ಲ, ಕೇಬಲ್ ಹೋಗಿದ್ರ ಅದರ ರೇಟ್ ಅಷ್ಟ ಕೊಡ್ರಿ.

ಇಂತಿ,
ಒಬ್ಬ ಗ್ಯಾರೇಜ್ ಮೇಸ್ತ್ರಿ, ನವನಗರ, ಬಾಗಲಕೋಟೆ